ಜಗದೇವಕ್ಕನ ಎಣ್ಣೆ, ಮಾಣಿಕಪ್ಪನ ಬಾವಿ

ಇವತ್ತು ಬೆಳಿಗ್ಗೆ ಚಿಂಚೋಳಿಯ ನಮ್ಮ ಮನೆಯ ಅಂಗಳದಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಬೇಲಿಯಾಚೆ ಎಲ್ಲೋ ಎಕ್ಕದ ಕಾಯಿ ಬಿರಿದಿರಬೇಕು. ಅದರ ಬೆಳ್ಳನೆಯ ಅರಳೆಯ ಒಂದು ಎಳೆ, ತಲೆಗೆ ಸಣ್ಣ ಬೀಜ ಕಟ್ಟಿಕೊಂಡು, ಗಾಳಿಯಲ್ಲಿ ಆರಾಮಾಗಿ ತೇಲುತ್ತ ಬಂತು. ಇಷ್ಟು ದೊಡ್ಡ ಅಂಗಳ ಬಿಟ್ಟು ಸೀದಾ ನನ್ನ ಕಪ್ಪಿಗೇ ಇಳಿಯಿತು.

"ಚೆಲ್ರಿ ಅದನ್ನ. ಎಕ್ಕದ್ದು ಕುಡೀಬಾರ್ದು. ಬ್ಯಾರೆ ಮಾಡ್ಕೊಡ್ತೀನಿ," ಎಂದಳು ಹೆಂಡತಿ.

ಕುಡಿಯಲಿಲ್ಲ, ಆದರೆ ಚೆಲ್ಲಲೂ ಇಲ್ಲ. ಬಗ್ಗಿ ನೋಡುತ್ತ ಕೂತೆ. ಎಳೆ ಮುಳುಗಿರಲಿಲ್ಲ. ಚಹಾದ ಮೇಲೆ ಕೆನೆಯ ಜಿಡ್ಡು ಸಣ್ಣ ಸಣ್ಣ ಚುಕ್ಕಿಯಾಗಿ ತೇಲುತ್ತಿತ್ತಲ್ಲ, ಆ ಚುಕ್ಕಿಗಳು ಒಂದೊಂದಾಗಿ ಹೋಗಿ ಎಳೆಗೆ ಅಂಟಿಕೊಳ್ಳುತ್ತಿದ್ದವು. ಹೆಂಡತಿ ಎರಡನೆಯ ಕಪ್ಪು ತಂದಾಗಲೂ ನಾನು ಹಾಗೇ ಬಗ್ಗಿದ್ದೆ. ಅವಳು ಕಪ್ಪು ಪಕ್ಕಕ್ಕಿಟ್ಟು ಒಳಗೆ ಹೋದಳು. ಕನ್ನಡ ಕಲಿಸುವ ಮಾಸ್ತರನನ್ನು ಮದುವೆಯಾದವಳಿಗೆ ಇಂಥವೆಲ್ಲ ರೂಢಿಯಾಗಿರುತ್ತವೆ.

ಆದರೆ ನಿಮಗೆ ಹೇಳುತ್ತೇನೆ ಕೇಳಿ. ಜಿಡ್ಡು ಎತ್ತ ಹೋಗುತ್ತದೆ ಎಂದು ನೋಡುವ ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ. ಶಹಾಬಾದಿನಲ್ಲಿ ಅಂಟಿಕೊಂಡದ್ದು.

ಸೇಡಂ ಕಡೆಯ ಮುಧೋಳದವನಾದ ನನಗೆ ನೌಕರಿ ಸಿಕ್ಕಿದ್ದು ಶಹಾಬಾದಿನ ಒಂದು ಹೈಸ್ಕೂಲಿನಲ್ಲಿ. ಆಗಿನ್ನೂ ಮದುವೆಯಿಲ್ಲ. ಒಂದು ಬಾಡಿಗೆ ಕೋಣೆ, ಒಂದು ಗ್ಯಾಸಿನ ಒಲೆ. ಮೊದಲ ವಾರ ನಾನೇ ಅಡಿಗೆ ಮಾಡಿಕೊಂಡೆ. ಎರಡನೆಯ ವಾರ ಮನೆಯ ಮಾಲಕರು ಬಾಗಿಲಿಗೆ ಬಂದು, "ಮಾಸ್ತರ್, ಏನರ ಸುಡಾಕತ್ತೀರೇನು?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಸುಡುತ್ತಿದ್ದದ್ದು ನನ್ನ ಬೇಳೆ. ಅವರೇ ಮುಂದಿನ ಓಣಿಯ ಜಗದೇವಕ್ಕನ ಖಾನಾವಳಿ ತೋರಿಸಿದರು.

ಖಾನಾವಳಿ ಎಂದರೆ ಮನೆಯ ಮುಂದಿನ ಪಡಸಾಲೆ, ಅಷ್ಟೆ. ಕೆಳಗೆ ಫರ್ಸಿ ಕಲ್ಲು, ಗೋಡೆಗೂ ಫರ್ಸಿ, ಕೂರುವ ಕಟ್ಟೆಯೂ ಫರ್ಸಿ. ಶಹಾಬಾದಿನಲ್ಲಿ ನೆಲದೊಳಗಿನ ಕಲ್ಲೇ ಮನೆಯಾಗಿ ಎದ್ದು ನಿಂತಿರುತ್ತದೆ. ಕಲ್ಲಿನ ಖಣಿಯಿಂದ ಬಂದವರು, ಲಾರಿ ಓಡಿಸುವವರು, ನನ್ನಂಥ ಒಬ್ಬಂಟಿ ನೌಕರರು ಸಾಲಾಗಿ ಕೂತು ಉಣ್ಣುತ್ತಿದ್ದೆವು. ಜಗದೇವಕ್ಕ ಎತ್ತರದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬುಟ್ಟಿ ಹಿಡಿದು ಬಂದಳೆಂದರೆ, ರೊಟ್ಟಿ ಸಾಕೆಂದು ನೀವು ತಾಟಿನ ಮೇಲೆ ಕೈ ಅಡ್ಡ ಇಟ್ಟರೆ ಕೈಯ ಮೇಲೇ ಬಡಿಸುವಳು. "ಉಣ್ರಿ ಮಾಸ್ತರ್, ಪಾಠ ಹೇಳಾಕ ದಮ್ಮು ಬೇಕಲ್ಲ," ಎನ್ನುವಳು. ಪುಂಡಿಪಲ್ಯದ ಮೇಲೆ ಒಂದು ಸೌಟು ಹಸಿ ಎಣ್ಣೆ ಹಾಕದೆ ಮುಂದೆ ಹೋಗುತ್ತಿರಲಿಲ್ಲ. ಸಂಜೆಗೆ ಮಿರ್ಚಿ ಭಜಿ. ಆ ಹೊತ್ತಿಗೆ ಓಣಿಯ ತುಂಬ ಹರಡುವ ವಾಸನೆಗೆ ಸಂಬಳ ಸಿಗುವ ದಿನಕ್ಕಿಂತ ಹೆಚ್ಚಿನ ಸಂತೋಷ ತರುವ ಶಕ್ತಿ ಇತ್ತು.

ಆ ಎಣ್ಣೆಯ ಬಗ್ಗೆ ನಾವು ಉಣ್ಣುವವರು ಎಷ್ಟೊಂದು ಮಾತಾಡುತ್ತಿದ್ದೆವು! ಶೇಂಗಾದ್ದು ಒಳ್ಳೇದೋ, ಕುಸುಬಿಯದು ಒಳ್ಳೇದೋ ಎಂದು ವಾದ ನಡೆಯುತ್ತಿತ್ತು. ಬಾಯಿಗೆ ಬರುವ ತನಕದ ಎಣ್ಣೆಯ ಚರಿತ್ರೆ ನಮಗೆ ಗೊತ್ತಿತ್ತು. ಆಮೇಲಿನದು ಯಾರಿಗೂ ಬೇಕಿರಲಿಲ್ಲ. ಬಾಂಡಲಿ, ತಾಟು, ಸೌಟು ಎಲ್ಲ ಹಿತ್ತಲಿಗೆ ಹೋಗುತ್ತಿದ್ದವು. ಅಲ್ಲಿ ಸಾಬೂನು ಹಾಕಿ ತಿಕ್ಕಿದ ನೀರು ಹಿಂದಿನ ಗುಂಡಿಗೆ ಹರಿಯುತ್ತಿತ್ತು. ಗುಂಡಿಯ ಆಚೆ ಒಂದು ಮೋಟು ಗೋಡೆ, ಗೋಡೆಯ ಆಚೆ ತುಸು ತಗ್ಗಿನಲ್ಲಿ ಮಾಣಿಕಪ್ಪನವರ ಮನೆ.

ಮಾಣಿಕಪ್ಪನವರ ಮಗಳು ರತ್ನಾಬಾಯಿ ನಮ್ಮ ಶಾಲೆಯಲ್ಲಿ ವಿಜ್ಞಾನದ ಟೀಚರು. ವಿಜ್ಞಾನಕ್ಕೂ ನನಗೂ ಇದ್ದ ಸಂಬಂಧವೆಂದರೆ ಸ್ಟಾಫ್ ರೂಮಿನಲ್ಲಿ ಆಕೆಯ ಕುರ್ಚಿ ನನ್ನ ಕುರ್ಚಿಯ ಪಕ್ಕದಲ್ಲಿತ್ತು ಎನ್ನುವಷ್ಟೇ. ಶಾಲೆಯಲ್ಲಿ ಕುಡಿಯುವ ನೀರಿನ ಫಿಲ್ಟರ್ ಇದ್ದರೂ ಆಕೆ ದಿನಾ ಮನೆಯಿಂದ ಬಾಟಲಿ ತರುತ್ತಿದ್ದರು. ಒಂದು ದಿನ ನಾನು ತಮಾಷೆಗೆ, "ಏನ್ರಿ ಟೀಚರ್, ವಿಜ್ಞಾನದವರಿಗೇ ಫಿಲ್ಟರ್ ಮ್ಯಾಲ ಭರೋಸಾ ಇಲ್ಲೇನು?" ಎಂದೆ.

"ಹಂಗಲ್ರಿ ಸರ್," ಎಂದರು ಅವರು. "ಇದು ಅಪ್ಪನ ಬಾವಿ ನೀರು. ಮರೆತು ಬಂದೆ ಅಂದ್ರ ಸಂಜಿಗೆ ಕೇಳ್ತಾನ, ನನ್ನ ನೀರಿಗೇನಾಗಿತ್ತವ್ವಾ ಅಂತ."

ಆಮೇಲೆ, ತಿದ್ದುವ ಪೇಪರುಗಳ ನಡುವೆ, ತುಂಡು ತುಂಡಾಗಿ ಆ ಬಾವಿಯ ಕಥೆ ಹೇಳಿದರು. ಮಾಣಿಕಪ್ಪನವರು ಹುಟ್ಟಿದ ಹಳ್ಳಿಯಲ್ಲಿ ಇವರ ಕೇರಿಯವರು ಊರ ಬಾವಿಯ ಕಟ್ಟೆ ಏರುವಂತಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು. ಯಾರಿಗಾದರೂ ಮನಸ್ಸು ಬಂದರೆ ಸೇದಿ ಹಾಕುತ್ತಾರೆ. ಬಾಯಾರಿದರೆ ಬೊಗಸೆ ಒಡ್ಡಬೇಕು, ಅವರು ಮೇಲಿನಿಂದ ಎತ್ತಿ ಹೊಯ್ಯುತ್ತಾರೆ. ತಮ್ಮ ತಂದೆ ಮುದುಕರಾದ ಮೇಲೂ ಹಾಗೆ ಬೊಗಸೆ ಒಡ್ಡಿ ನಿಂತದ್ದನ್ನು ಮಾಣಿಕಪ್ಪನವರು ಕಣ್ಣಾರೆ ಕಂಡಿದ್ದರು. ಶಹಾಬಾದಿಗೆ ಬಂದು, ಖಣಿಯಲ್ಲಿ ಕಲ್ಲು ಒಡೆದು, ಒಂದು ತುಂಡು ಜಾಗ ಮಾಡಿಕೊಂಡಾಗ ಅವರು ಮೊದಲು ಕಟ್ಟಿದ್ದು ಮನೆಯನ್ನಲ್ಲ. ದಿನಾ ಕೆಲಸದಿಂದ ಬಂದ ಮೇಲೆ ಗಂಡ ತೋಡುವುದು, ಹೆಂಡತಿ ಬುಟ್ಟಿಯಲ್ಲಿ ಕಲ್ಲು ಹೊರುವುದು. ನೀರು ಬಂದ ದಿನ ಇಬ್ಬರೂ ಬಾವಿಯೊಳಗೇ ಕೂತು ಅತ್ತರಂತೆ. ಈಗ ಹೆಂಡತಿ ಇರಲಿಲ್ಲ. ಬಾವಿ ಇತ್ತು. ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಫರ್ಸಿಯ ಪದರು ಕಾಣುತ್ತಿತ್ತು, ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ನಳದಲ್ಲಿ ನೀರು ಬಾರದ ದಿನ ಓಣಿಯ ಅರ್ಧ ಜನ ಅಲ್ಲಿಂದಲೇ ಸೇದಿ ಒಯ್ಯುತ್ತಿದ್ದರು. ಮಾಣಿಕಪ್ಪ ಕಟ್ಟೆಯ ಮೇಲೆ ಕೂತು, ಒಬ್ಬೊಬ್ಬರಿಗೂ "ಏರಿ ಬರ್ರಿ, ಮ್ಯಾಲ ಬಂದು ಸೇದ್ರಿ," ಎನ್ನುತ್ತಿದ್ದರು.

ಅಂಥ ಬಾವಿ. ಅದಕ್ಕೆ ಪರೀಕ್ಷೆಯ ದಿನಗಳ ಬಿರುಬಿಸಿಲಿನಲ್ಲಿ ಒಂದು ಅಡ್ಡಮಳೆ ಕಾದಿತ್ತು. ಸಂಜೆ ಗುಡುಗಿದ್ದೇ ತಡ, ಆಕಾಶ ಹರಿದಂತೆ ಸುರಿಯಿತು. ನಾವು ಖಾನಾವಳಿಯಲ್ಲಿ ಕೂತು, ಮಳೆ ನೋಡುತ್ತ, ಎಂದಿಗಿಂತ ಎರಡು ಮಿರ್ಚಿ ಹೆಚ್ಚೇ ತಿಂದೆವು.

ಮರುದಿನ ರತ್ನಾ ಟೀಚರ ಕೈಯಲ್ಲಿ ಬಾಟಲಿ ಇರಲಿಲ್ಲ. ಕುರ್ಚಿ ಎಳೆದು ಕೂತವರು ನನ್ನ ಕಡೆ ತಿರುಗಿದರು.

"ಸರ್, ನಿಮ್ಮ ಖಾನಾವಳಿ ನಮ್ಮ ಬಾವ್ಯಾಗ ಬಂದು ಕುಂತದ್ರಿ."

ಶಾಲೆ ಬಿಟ್ಟೊಡನೆ ಅವರ ಜೊತೆ ಹೋದೆ. ಮಳೆಯ ಹೊಡೆತಕ್ಕೆ ಹಿಂದಿನ ಗುಂಡಿ ತುಂಬಿ, ಮೋಟು ಗೋಡೆಯ ಬುಡ ಕೊರೆದು, ಅಷ್ಟೂ ನೀರು ಬಾವಿಗೆ ಇಳಿದಿತ್ತು. ಬಗ್ಗಿ ನೋಡಿದೆ. ನೀರಿನ ಮುಖ ಕಾಣುತ್ತಲೇ ಇರಲಿಲ್ಲ. ಮೇಲೆ ಹಳದಿ ಬಣ್ಣದ ದಪ್ಪ ಜಿಡ್ಡು, ಅಲ್ಲಲ್ಲಿ ಕರ್ರಗೆ. ಎಷ್ಟೋ ಸಲ ಕರಿದ ಎಣ್ಣೆಯ ಮುಗ್ಗಲು ವಾಸನೆ. ಹಿಂದಿನ ಸಂಜೆ ನನ್ನ ಬಾಯಲ್ಲಿ ನೀರೂರಿಸಿದ್ದ ಅದೇ ಎಣ್ಣೆಗೆ ಈಗ ಮೂಗು ಮುಚ್ಚಿಕೊಂಡೆ. ಮಾಣಿಕಪ್ಪ ಕಟ್ಟೆಯ ಮೇಲೆ, ಬಾವಿಗೆ ಬೆನ್ನು ಮಾಡಿ ಕೂತಿದ್ದರು. ಬೈಗುಳವಿಲ್ಲ, ಗದ್ದಲವಿಲ್ಲ. ಸತ್ತವರ ಮನೆಯ ಮುಂದೆ ಕೂತ ಹಾಗೆ.

ಅಷ್ಟರಲ್ಲಿ ಸುದ್ದಿ ತಿಳಿದ ಜಗದೇವಕ್ಕ ಗೋಡೆಯ ಹತ್ತಿರ ಬಂದಳು. ಸುತ್ತ ನಾಲ್ಕು ಜನ ಸೇರಿದ್ದರು. ಜನರ ಮುಂದೆ ತಪ್ಪು ಒಪ್ಪುವುದು ಯಾರಿಗೆ ತಾನೇ ಸುಲಭ? ಅವಳ ದನಿ ಏರಿತು.

"ಮಳಿ ನಾ ಬರಿಸೀನೇನು? ನೀರು ತಗ್ಗಿಗೇ ಹರೀತದ. ಅದಕ್ಕ ನಾ ಏನ್ ಮಾಡ್ಲಿ?"

ಅವಳೇ ಮತ್ತೆ ಸ್ವಲ್ಪ ತಗ್ಗಿದಳು. "ಆಯ್ತು ಕಾಕಾ. ನಮ್ಮ ಮನ್ಯಾಗ ನಳ ಅದ, ಟಾಕಿ ಅದ. ದಿನಾ ಬಂದು ಒಯ್ರಿ. ನಾ ಏನ್ ಬ್ಯಾಡ ಅಂತೀನೇನು?"

ಮಾಣಿಕಪ್ಪ ಆಗ ತಿರುಗಿ ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಮಂದಿ ಮನಿ ಮುಂದ ನೀರಿಗಿ ನಿಂದ್ರೂದು ಬ್ಯಾಡಂತನೇ ಇದನ್ನ ತೋಡೀನವ್ವಾ."

ಜಗದೇವಕ್ಕ ಗೋಡೆ ಬಿಟ್ಟು ಒಳಗೆ ಹೋದಳು. ಆ ಸಂಜೆ ಖಾನಾವಳಿಯ ಒಲೆ ಹೊತ್ತಲಿಲ್ಲ. ಬಾಗಿಲಿಗೆ ಬಂದವರಿಗೆಲ್ಲ, "ಇವತ್ತಿಂದ ಬಂದ್. ಬಾವಿ ನೆಟ್ಟಗಾಗೂತನ ಒಂದು ತಾಟೂ ತೊಳಿಯಂಗಿಲ್ಲ," ಎಂದಳಂತೆ. ನಾನು ಕೋಣೆಗೆ ಹೋಗಿ ಬೇಳೆ ಒಲೆಯ ಮೇಲಿಟ್ಟೆ. ಮಾಲಕರು ಈ ಸಲ ಏನೂ ಕೇಳದೆ ಎರಡು ರೊಟ್ಟಿ ಕೊಟ್ಟು ಹೋದರು.

ಓಣಿಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಬಾವಿ ಮುಚ್ಚಿಬಿಡಿ, ಈಗ ಯಾರು ಬಾವಿ ನೀರು ಕುಡಿಯುತ್ತಾರೆ ಎಂದರು ಕೆಲವರು. ಮೋಟರ್ ಹಚ್ಚಿ ಎಲ್ಲ ನೀರು ಹೊರಗೆ ಹಾಕಿ ಎಂದರು ಹಲವರು. ನನಗೂ ಅದೇ ಸರಿ ಕಂಡಿತು. ರತ್ನಾ ಟೀಚರು ತಲೆ ಅಲ್ಲಾಡಿಸಿದರು.

"ಮೊದಲೇ ನೀರು ತಗದ್ರ ಎಣ್ಣಿ ಕೆಳಗ ಇಳಕೋತ ಹೋಗಿ ಗ್ವಾಡಿಗೆಲ್ಲ ಮೆತ್ಕೋತದ್ರಿ ಸರ್. ಕಲ್ಲಿನ ಸಂದ್ಯಾಗ ಹೊಕ್ರ ಮತ್ತ ಬರಂಗಿಲ್ಲ. ಮ್ಯಾಲ ತೇಲಾಕತ್ತಾಗೇ ತಗೀಬೇಕು."

ಹೇಗೆ ತೆಗೆಯುವುದು? ಅವರು ಓದುವಾಗ ಒಮ್ಮೆ ಒಣಗಿದ ಗಿಡದ ಕಸ ಎಣ್ಣೆ ಹೀರುವುದನ್ನು ಲ್ಯಾಬಿನಲ್ಲಿ ಮಾಡಿ ನೋಡಿದ್ದರಂತೆ. ಒಳಗೆ ಟೊಳ್ಳಿರಬೇಕು, ನೀರಿಗಿಂತ ಎಣ್ಣೆಯನ್ನು ಹೆಚ್ಚು ಹಚ್ಚಿಕೊಳ್ಳಬೇಕು, ಮುಳುಗಬಾರದು. ಇಷ್ಟೇ ಲಕ್ಷಣ. ಅಂಥ ಕಸ ನಮ್ಮ ಕಡೆ ಯಾವುದು ಎನ್ನುವುದು ಅವರಿಗೂ ಗೊತ್ತಿರಲಿಲ್ಲ. ಹೀಗಾಗಿ ಹುಡುಕಾಟ ಶುರುವಾಯಿತು. ಅಂಗಳದಲ್ಲಿ ಒಂದು ಬಕೆಟ್ ನೀರು, ಅದರ ಮೇಲೆ ಬಾವಿಯಿಂದ ತೆಗೆದ ಎಣ್ಣೆ.

ಮೊದಲು ತೊಗರಿ ಹೊಟ್ಟು. ತೊಗರಿಯ ನಾಡಿನಲ್ಲಿ ಅದಕ್ಕೇನು ಕೊರತೆ? ಚೀಲ ಬಿಚ್ಚಿದ್ದು ನಾನು. ಎದ್ದ ಧೂಳಿಗೆ ನನಗೆ ಸೀನು ಹತ್ತಿ, ಕಣ್ಣು ಮೂಗು ಒಂದಾಗಿ, ಪ್ರಯೋಗದ ಫಲಿತಾಂಶ ನನಗೆ ಕಾಣಲೇ ಇಲ್ಲ. "ಸ್ವಲ್ಪ ಎಣ್ಣಿ ಹಿಡೀತು ಸರ್, ಆದ್ರ ನೀರು ಕುಡಿದು ತಳಕ್ಕ ಕುಂತದ," ಎಂದರು ರತ್ನಾ ಟೀಚರು. ಬಾವಿಯ ತಳಕ್ಕೆ ಕೊಳೆಯುವ ಹೊಟ್ಟು ಕಳಿಸುವಂತಿರಲಿಲ್ಲ.

ಆಮೇಲೆ ಜೋಳದ ದಂಟು. ಹತ್ತಿರದ ಭಂಕೂರಿನಲ್ಲಿ ನಮ್ಮ ಶಾಲೆಯ ಸಿಪಾಯಿಯ ಹೊಲವಿತ್ತು. ಎಮ್ಮೆ ಎಲೆ ತಿಂದು ಬಿಟ್ಟ ದಪ್ಪ ದಂಟುಗಳು ಅವನ ದೊಡ್ಡಿಯಲ್ಲಿ ರಾಶಿ ಬಿದ್ದಿದ್ದವು. ಒಂದು ಹೊರೆ ಕಟ್ಟಿಸಿಕೊಂಡು ಬಂದೆ. ಸಿಪ್ಪೆ ಸುಲಿದರೆ ಒಳಗೆ ಬೆಳ್ಳನೆಯ ಹಗುರ ಬೆಂಡು. ಸಣ್ಣವರಿದ್ದಾಗ ನೀವೂ ಅದರಿಂದ ಬಂಡಿ, ಎತ್ತು ಮಾಡಿ ಆಡಿದ್ದೀರಿ. ಬೆಂಡು ತೇಲಿತು. ಎಣ್ಣೆಯನ್ನೂ ಕುಡಿಯಿತು. ಆದರೆ ಸ್ವಲ್ಪ ಹೊತ್ತಿಗೆ ನೀರನ್ನೂ ಕುಡಿದು ಭಾರವಾಗತೊಡಗಿತು.

ಆ ಹೊತ್ತಿಗೆ ಗೋಡೆಯಾಚೆಯಿಂದ ಒಂದು ದನಿ. "ಹಸೀದು ಹಾಕೀರಿ. ಹುರೀರಿ ಅದನ್ನ."

ಜಗದೇವಕ್ಕ. ಅಷ್ಟು ಹೊತ್ತು ಅಲ್ಲಿ ನಿಂತು ನೋಡುತ್ತಿದ್ದಳೆಂದು ನಮಗೆ ಗೊತ್ತಿರಲಿಲ್ಲ.

"ಹುರಿದ್ರ ಏನಾಗ್ತದಕ್ಕಾ?" ಎಂದರು ರತ್ನಾ ಟೀಚರು.

"ನನಗೇನ್ ಗೊತ್ತವ್ವಾ? ಹಸಿ ರವಾ ಜಲ್ದಿ ನೀರು ಕುಡೀತದ, ಹುರಿದದ್ದು ಕುಡಿಯಂಗಿಲ್ಲ. ಇದೂ ಹಂಗೇ ಇರಬೇಕಂತ ಅಂದೆ."

ರತ್ನಾ ಟೀಚರು ಒಂದು ಗಳಿಗೆ ಯೋಚಿಸಿದರು. ಮುಖದಲ್ಲಿ ಬೆಳಕು ಬಂತು. "ಖರೇ ಅದ. ಕಾಯ್ಸಿದ್ರ ನೀರು ಹಿಡಿಯೋ ಗುಣ ಕಡಿಮಿ ಆಗ್ತದ. ಅಕ್ಕಾ, ನಿಮ್ಮ ಒಲಿ ಹಚ್ಚತೀರೇನು?"

ನೀವು ನಂಬಬೇಕು, ಬಂದಾದ ಖಾನಾವಳಿಯ ಒಲೆ ಮತ್ತೆ ಹೊತ್ತಿದ್ದು ಬೆಂಡು ಹುರಿಯಲಿಕ್ಕೆ. ಜಗದೇವಕ್ಕ ದೊಡ್ಡ ಬಾಂಡಲಿ ಇಟ್ಟು ಸಣ್ಣ ಉರಿಯಲ್ಲಿ, ಶೇಂಗಾ ಹುರಿಯುವ ಹದದಲ್ಲಿ ಕೈಯಾಡಿಸಿದಳು. ಮೊದಲ ಸಲ ಒಂದಿಷ್ಟು ಸುಟ್ಟು ಕರಕಲಾಯಿತು. ಎರಡನೆಯ ಸಲ ನಸುಗೆಂಪು. ಆರಿಸಿ ಬಕೆಟ್ಟಿಗೆ ಹಾಕಿದೆವು. ಎಣ್ಣೆ ಬೆಂಡಿಗೆ ಏರುತ್ತ ಹೋಯಿತು, ಬೆಂಡು ಮುಳುಗಲಿಲ್ಲ. ಹೊತ್ತು ಬಿಟ್ಟು ತೆಗೆದಾಗ ಬಕೆಟ್ಟಿನ ನೀರಿನಲ್ಲಿ ನಮ್ಮ ಮೂವರ ಮುಖ ಕಾಣಿಸಿತು. ಜಗದೇವಕ್ಕ ತನ್ನ ಮುಖ ನೋಡಿಕೊಂಡು, "ಅಯ್ಯ, ಭಾಳ ಸೊರಗೀನಲ್ಲ," ಎಂದಳು. ಆ ಮನೆಯ ಅಂಗಳದಲ್ಲಿ ನಗು ಬಂದದ್ದು ಆಗಲೇ.

ಬೆಂಡು ಹಿಡಿಯದೆ ಉಳಿದ ತೆಳ್ಳನೆಯ ಪೊರೆಗೆ ಎಕ್ಕದ ಅರಳೆಯೇ ಸೈ ಎಂದು ಕಂಡುಕೊಂಡೆವು. ಅದು ನೀರನ್ನು ಹತ್ತಿರ ಸೇರಿಸುವುದಿಲ್ಲ, ಎಣ್ಣೆ ಕಂಡರೆ ಬಿಡುವುದಿಲ್ಲ. ಅದನ್ನು ಕೂಡಿಸುವ ಕೆಲಸ ನನಗೆ ಬಂತು. ರೈಲು ಹಳಿಯ ಪಕ್ಕ, ಹಾಳು ಖಣಿಗಳ ದಂಡೆಯಲ್ಲಿ, ಕೈಗೆ ಹಾಲು ತಾಗದಂತೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಒಣ ಕಾಯಿ ಹುಡುಕುತ್ತ ಅಲೆದೆ. ತೆಕ್ಕೆಯಷ್ಟು ಕೂಡಿಸಿದೆನೆಂದು ಹೆಮ್ಮೆಯಿಂದ ತಿರುಗುವಷ್ಟರಲ್ಲಿ ಒಂದು ಗಾಳಿ ಬಂದು ಅರ್ಧ ಅರಳೆ ಪಕ್ಕದ ವಾಡಿ ಊರಿನ ಕಡೆ ಹೊರಟುಹೋಗುತ್ತಿತ್ತು. ದಾರಿಯಲ್ಲಿ ಸಿಕ್ಕ ಪಾಲಕರೊಬ್ಬರು "ಏನ್ ಸರ್, ದವಾಕ್ಕೇನು?" ಎಂದರು. ಹೌದೆಂದೆ. ಒಂದು ಬಾವಿಗೆ ಔಷಧಿ ಎಂದು ಬಿಡಿಸಿ ಹೇಳುವ ಧೈರ್ಯ ಬರಲಿಲ್ಲ.

ಜಗದೇವಕ್ಕನ ಹಳೆಯ ಸೀರೆಗಳನ್ನು ಹರಿದು ಉದ್ದನೆಯ ಚೀಲ ಹೊಲಿದು, ಒಳಗೆ ಹುರಿದ ಬೆಂಡು ತುಂಬಿದೆವು. ಅವನ್ನು ಇಳಿಸಲು ಮಾಣಿಕಪ್ಪನವರೇ ಬೇಕಿತ್ತು. ಅಲ್ಲಿಯ ತನಕ ಅವರು ಈ ಗದ್ದಲದ ಕಡೆ ತಿರುಗಿಯೂ ನೋಡಿರಲಿಲ್ಲ. ಮಗಳು ಹತ್ತಿರ ಹೋಗಿ, "ಅಪ್ಪಾ, ನಿನ್ನ ಬಾವ್ಯಾಗ ಯಾವ ಕಲ್ಲು ಎಲ್ಲಿ ಅದ ನಮಗ್ಯಾರಿಗೂ ಗೊತ್ತಿಲ್ಲ," ಎಂದರು. ಮುದುಕ ಧೋತರ ಎತ್ತಿ ಕಟ್ಟಿ ಎದ್ದರು. ಸೊಂಟಕ್ಕೆ ಹಗ್ಗ ಬಿಗಿದು, ಅದರ ತುದಿ ನಾವು ಹಿಡಿದೆವು. ಅವರು ಒಂದೊಂದೇ ಕಲ್ಲಿನ ಮೇಲೆ ಕಾಲಿಡುತ್ತ ಇಳಿದು, ಚೀಲಗಳನ್ನು ನೀರಿನ ಮೇಲೆ ಹಾಸಿ, ದನ ಕಾಯುವವರ ಹಾಗೆ ಕೋಲಿನಿಂದ ಮೆಲ್ಲಗೆ ತಿರುಗಿಸಿದರು. ಎಣ್ಣೆ ಕುಡಿದ ಚೀಲ ಮೇಲೆ ಬರುವುದು, ಹೊಸದು ಇಳಿಯುವುದು. ಬಿಸಿಲು ನೆತ್ತಿಗೆ ಬಂದಾಗ ಕೆಳಗಿನಿಂದ ಅವರ ದನಿ ಕೇಳಿಸಿತು.

"ರತ್ನಾ, ಮುಗಲು ಕಾಣಾಕತ್ತದ ನೋಡವ್ವಾ ನೀರಾಗ."

ಕೊನೆಗೆ ಎಕ್ಕದ ಅರಳೆ ಹಾಕಿ ಪೊರೆ ತೆಗೆದೆವು. ಆಮೇಲೇ ಮೋಟರ್ ಹಚ್ಚಿ ನೀರು ಖಾಲಿ ಮಾಡಿ, ಗೋಡೆ ತಿಕ್ಕಿ, ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದ್ದು. ಎಣ್ಣೆ ಹೋದ ಮಾತ್ರಕ್ಕೆ ನೀರು ಕುಡಿಯುವಂತಾಗುವುದಿಲ್ಲ ಎಂದು ರತ್ನಾ ಟೀಚರು ಕಟ್ಟುನಿಟ್ಟಾಗಿ ಹೇಳಿ, ಪರೀಕ್ಷೆಗೆ ಕಳಿಸಿ, ಸರಿಯಿದೆ ಎಂದು ಬರುವ ತನಕ ಯಾರಿಗೂ ಮುಟ್ಟಗೊಡಲಿಲ್ಲ.

ಈ ನಡುವೆ ಇನ್ನೊಂದು ಸಂಗತಿ ತಿಳಿಯಿತು. ಗೋಡೆ ಕಟ್ಟಿಸಿ, ಗುಂಡಿಯ ಬಾಯಿಗೆ ಬೆಂಡಿನ ಬುಟ್ಟಿ ಇಟ್ಟರೆ ಆಯಿತು ಎಂದುಕೊಂಡಿದ್ದೆವು. ಆದರೆ ಬಕೆಟ್ಟಿನಲ್ಲಿ ಮಾಡಿ ನೋಡಿದರೆ ಸಾಬೂನು ಬೆರೆತ ಎಣ್ಣೆ ಹಾಲಿನ ಹಾಗೆ ನೀರಿನಲ್ಲಿ ಕರಗಿ ಬುಟ್ಟಿ ದಾಟಿ ಹೋಗುತ್ತಿತ್ತು. ಬೆಂಡು ಅದನ್ನು ಹಿಡಿಯಲಾರದು. ಹಾಗಾದರೆ ನೀರು ಮುಟ್ಟಿಸುವ ಮೊದಲೇ ಪಾತ್ರೆಯ ಜಿಡ್ಡು ತೆಗೆಯಬೇಕು. ಜಗದೇವಕ್ಕ ಹಿತ್ತಲಲ್ಲಿ ಪಾತ್ರೆ ತೊಳೆಯುವ ಕಟ್ಟೆಯ ಪಕ್ಕ ಒಂದು ಬುಟ್ಟಿ ತೊಗರಿ ಹೊಟ್ಟು ಇಟ್ಟಳು. ನೀರಿನಲ್ಲಿ ಸೋತ ಹೊಟ್ಟು ಒಣ ತಾಟಿನ ಮೇಲೆ ಗೆದ್ದಿತು. ಬಾಂಡಲಿ, ತಾಟು ಎಲ್ಲವನ್ನೂ ಮೊದಲು ಅದರಿಂದ ಒರೆಸಬೇಕು, ಆಮೇಲೆ ತೊಳೆಯಬೇಕು. ಜಿಡ್ಡು ಹೊಟ್ಟು ಬಚ್ಚಲ ಒಲೆಗೆ. ಅದು ಎಷ್ಟು ಚೆಂದ ಉರಿಯುತ್ತಿತ್ತೆಂದರೆ, "ಇಷ್ಟು ದಿನ ಈ ಜಿಡ್ಡನ್ನ ಖಾಲಿ-ಪೀಲಿ ಸುಮ್ಮನ ಗುಂಡಿಗೆ ಹಾಕ್ದೆನಲ್ಲ," ಎಂದು ಅವಳು ಹಣೆ ಹಣೆ ಬಡಿದುಕೊಂಡಳು.

ನೀರು ಸರಿಯಿದೆ ಎಂದು ತಿಳಿದ ದಿನ ಓಣಿಯವರು ಕೂಡಿದ್ದರು. ಮಾಣಿಕಪ್ಪ ಒಂದು ಕೊಡ ಸೇದಿ ಕಟ್ಟೆಯ ಮೇಲಿಟ್ಟರು. ಎಲ್ಲರೂ ನೋಡುತ್ತ ನಿಂತರು. ಆ ವಾಸನೆ ಇನ್ನೂ ಎಲ್ಲರ ಮೂಗಿನಲ್ಲಿತ್ತು. ಮೊದಲು ಕುಡಿಯಲು ಒಬ್ಬರೂ ಮುಂದೆ ಬರಲಿಲ್ಲ. ನಾನೂ ಚಪ್ಪಲಿಯ ಬಾರು ಸರಿ ಮಾಡಿಕೊಳ್ಳುತ್ತಿದ್ದೆ.

ಜಗದೇವಕ್ಕ ಜನರನ್ನು ಸರಿಸಿ ಬಂದಳು. ಇಷ್ಟು ವರ್ಷ ಗೋಡೆಯ ಆಚೆಯೇ ಇದ್ದವಳು ಆ ಕಟ್ಟೆಯನ್ನು ಒಮ್ಮೆಯೂ ಏರಿರಲಿಲ್ಲ. ಅಂದೂ ಏರದೆ, ಕೆಳಗೇ ನಿಂತು, "ಕಾಕಾ, ನೀರು ಹಾಕ್ರಿ," ಎಂದು ಬೊಗಸೆ ಒಡ್ಡಿದಳು.

ಕೈಯಲ್ಲಿ ಲೋಟವಿರಲಿಲ್ಲ, ಅದಕ್ಕೆ ಒಡ್ಡಿದಳೋ, ಬೇರೆ ಏನು ಮನಸ್ಸಿನಲ್ಲಿತ್ತೋ ನಾನು ಹೇಳಲಾರೆ. ಆದರೆ ಮಾಣಿಕಪ್ಪನವರು ಆ ಬೊಗಸೆಯನ್ನು ನೋಡುತ್ತ ನಿಂತುಬಿಟ್ಟರು. ರತ್ನಾ ಟೀಚರು ಮುಖ ಆಚೆ ತಿರುಗಿಸಿದರು. ಮುದುಕರು ಕೊಡದಿಂದ ಚರಿಗೆ ತುಂಬಿಕೊಂಡರು. ಅವರು ಹೊಯ್ಯಲಿಲ್ಲ.

"ಬೊಗಸಿ ಬ್ಯಾಡವ್ವಾ. ನನ್ನ ಬಾವಿ ಮುಂದ ಯಾರೂ ಬೊಗಸಿ ಒಡ್ಡಬಾರ್ದು. ಮ್ಯಾಲ ಬಾ. ಚರಗಿ ಹಿಡಿ."

ಜಗದೇವಕ್ಕ ಕಟ್ಟೆ ಏರಿದಳು. ಚರಿಗೆಯನ್ನು ಎರಡೂ ಕೈಯಿಂದ ಹಿಡಿದು, ನಿಲ್ಲಿಸದೆ, ಗಟಗಟ ಪೂರ್ತಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, "ಸಿಹಿ ಅದ," ಎಂದಳು. ಆಮೇಲೆ ಎಲ್ಲರೂ ಏರಿದೆವು. ನಾನೂ ಕುಡಿದೆ. ಅದಕ್ಕಿಂತ ರುಚಿಯಾದ ನೀರು ನನ್ನ ಗಂಟಲಿಗೆ ಇಳಿದದ್ದಿಲ್ಲ. ಇದು ಮಾಸ್ತರನ ಅಲಂಕಾರವಲ್ಲ, ನೀರಿನ ಲೆಕ್ಕದಲ್ಲೇ ಹೇಳುತ್ತಿದ್ದೇನೆ.

ಮರುದಿನ ಖಾನಾವಳಿ ತೆರೆಯಿತು. ಮೊದಲ ಪಂಕ್ತಿಯಲ್ಲಿ, ನನ್ನ ಪಕ್ಕದ ಕಟ್ಟೆಯ ಮೇಲೆ, ಹೊಸ ಅಂಗಿ ತೊಟ್ಟ ಮಾಣಿಕಪ್ಪ ಕೂತಿದ್ದರು. ಗೋಡೆಯಾಚೆಯಿಂದ ಇಷ್ಟು ವರ್ಷ ವಾಸನೆಯಷ್ಟೇ ಉಂಡವರು ಅವರು. ಯಾರೂ ಬರಬೇಡಿ ಎಂದಿರಲಿಲ್ಲ, ಯಾರೂ ಬನ್ನಿ ಎಂದೂ ಇರಲಿಲ್ಲ. ಅಂದು ಜಗದೇವಕ್ಕ ಹೋಗಿ ಕರೆದಿದ್ದಳು.

ಕೆಲವು ವರ್ಷಕ್ಕೆ ನನಗೆ ಚಿತ್ತಾಪುರಕ್ಕೆ ವರ್ಗವಾಯಿತು, ಅಲ್ಲಿಂದ ಇಲ್ಲಿ ಚಿಂಚೋಳಿಗೆ. ಮದುವೆಯಾಯಿತು, ಮನೆಯ ಬೇಳೆ ಸುಡುವುದು ನಿಂತಿತು. ಆದರೂ ತಾಟು ತೊಳೆಯುವ ಮೊದಲು ಜಿಡ್ಡು ಒರೆಸುವ ಅಭ್ಯಾಸ ಬಿಟ್ಟಿಲ್ಲ. ನಮ್ಮ ಕಡೆ ಉಣ್ಣಿಸಿದವರಿಗೆ, ನೀರು ಕೊಟ್ಟವರಿಗೆ ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಹೇಳಿದರೆ ಬೇರೆಯವರ ಹಾಗೆ ಆಡಿದೆ ಎಂದು ಬೈಸಿಕೊಳ್ಳುತ್ತೇವೆ. ಹೇಳದೆ ಉಳಿದದ್ದು ಹೀಗೆ ಒಂದು ಬೆಳಿಗ್ಗೆ ಎದ್ದು ಬಂದು ಎದುರು ಕೂಡುತ್ತದೆ.

ಇಷ್ಟು ಬರೆದ ಮೇಲೆ ಒಂದು ಅನುಮಾನ ಬಿಡದೆ ಕಾಡಿತು. ಜಗದೇವಕ್ಕನಿಗೆ ಫೋನ್ ಮಾಡಿದೆ. ಹಿಂದೆ ತಾಟು ಬಡಿಯುವ ಸದ್ದು, ಜನರ ಗದ್ದಲ, ಊಟದ ಹೊತ್ತು.

"ಅಕ್ಕಾ, ಒಂದು ಮಾತು ಕೇಳ್ಬೇಕಿತ್ತು. ಅವತ್ತು ಬಾವಿ ಮುಂದ ಬೊಗಸಿ ಒಡ್ಡಿದ್ರಿ ನೋಡ್ರಿ, ಬೇಕಂತಲೇ ಒಡ್ಡಿದ್ರೋ?"

ಆ ಕಡೆ ಸೌಟು ಕೆಳಗಿಟ್ಟ ಸದ್ದು.

"ಕೈ ಹೆಂಗ ಹಿಡಿದಿದ್ದೆ ನನಗ ನೆನಪಿಲ್ರಿ ಮಾಸ್ತರ್. ಕಾಕಾ ಚರಗಿ ಕೊಟ್ಟದ್ದು ನೆನಪದ." ಮತ್ತೆ ತಕ್ಷಣ ಅವಳ ದನಿ ಎಂದಿನ ಎತ್ತರಕ್ಕೇರಿತು. "ಇಲ್ಲೇ ಉಣ್ಣಾಕತ್ತಾರ ನೋಡ್ರಿ. ಮಾತಾಡ್ರಿ."

"ಯಾರು, ಮಾಸ್ತರ್ರಾ?" ಮಾಣಿಕಪ್ಪನವರ ದನಿ ಸಣ್ಣದಾಗಿತ್ತು, ಬಾಯಲ್ಲಿ ತುತ್ತಿತ್ತು. "ಆರಾಮ ಇದ್ದೀರೇನು? ಈಕಿಗೊಂದು ಬುದ್ಧಿ ಹೇಳ್ರಿ. ಪಲ್ಯಕ್ಕ ಎಣ್ಣಿ ಭಾಳ ಕಡಿಮಿ ಮಾಡ್ಯಾಳ. ಕೇಳಿದ್ರ, ಕಾಕಾ, ನಿಮ್ಮ ಬಾವಿಗೆ ಅಂಜಿ ಅಂತಾಳ."

ಅನುಮಾನ ಒಂದು ನೆಪ, ಉಪಕಾರವಾಯಿತು ಎಂದು ಹೇಳಲೇಬೇಕೆಂದು ಮಾಡಿದ ಫೋನು. ಆದರೆ ನನ್ನಿಂದ ಹೊರಟದ್ದು "ಹೂಂ, ಹೇಳ್ತೀನ್ರಿ ಕಾಕಾ" ಎನ್ನುವಷ್ಟೇ.

"ಅದೆಲ್ಲ ಫೋನಿನ್ಯಾಗ ಆಗಂಗಿಲ್ಲ," ಎಂದರು ಅವರು. "ಖುದ್ದು ಬರ್ರಿ. ನನ್ನ ಬಾಜೂಕ ಜಾಗಾ ಅದ."

ಫೋನ್ ಇಟ್ಟು, ನಾಳೆ ಶಹಾಬಾದಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಹೆಂಡತಿಯನ್ನು ಕೇಳಿದೆ. "ಯಾಕ?" ಎಂದಳು. ಊಟಕ್ಕೆ ಎಂದೆ. ಅವಳು ನನ್ನ ಮುಖ ಒಮ್ಮೆ ನೋಡಿ, ಒಳಗೆ ಹೋಗಿ ಇಬ್ಬರ ಬಟ್ಟೆ ತೆಗೆದಿಟ್ಟಳು.